ಎ.ಸಿ.ಗೆ ಹಾಕಿದ ಡ್ರಿಪ್

ಲೋಕದ ಅನಾಹುತಗಳಲ್ಲಿ ಹೆಚ್ಚಿನವು ಸುಳ್ಳಿನಿಂದ ಆಗುವುದಿಲ್ಲ, ಅಂದಾಜಿನಿಂದ ಆಗುತ್ತವೆ. ಸುಳ್ಳು ಹೇಳುವವನಿಗೆ ನಿಜ ಎಷ್ಟೆಂಬುದಾದರೂ ಗೊತ್ತಿರುತ್ತದೆ. ಅಂದಾಜಿನವನಿಗೆ ಅದೂ ಇಲ್ಲ.

ಪಾರ್ಸೆಲ್ ಕಚೇರಿಯ ಮೂರನೆಯ ಕೌಂಟರಿನಲ್ಲಿ ಕೂರುವ ಸುಮಾರಪ್ಪ ಈ ಎರಡನೆಯ ವರ್ಗಕ್ಕೆ ಸೇರಿದವನು. ಅವನ ಮುಂದಿನ ತೂಕದ ಯಂತ್ರ ಎರಡು ಕಿಲೋ ನಲವತ್ತು ಗ್ರಾಂ ಎಂದು ಕೆಂಪು ಅಂಕಿಗಳಲ್ಲಿ ಉರಿಯುತ್ತಿರುವಾಗಲೂ ಅವನು ಗಿರಾಕಿಗೆ "ಸುಮಾರು ಎರಡು ಕಿಲೋ" ಎನ್ನುತ್ತಿದ್ದ. ಮದುವೆಯಾಗಿ ಎಷ್ಟು ವರ್ಷವಾಯಿತೆಂದು ಯಾರಾದರೂ ಕೇಳಿದರೆ "ಸುಮಾರು ಒಂಬತ್ತು" ಎನ್ನುತ್ತಿದ್ದ, ಅದೂ ಹೆಂಡತಿ ಪಕ್ಕದಲ್ಲೇ ನಿಂತಿರುವಾಗ. ತಂದೆತಾಯಿ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಉಳಿಯಿತು. ಬಾಯಲ್ಲಿ ಉಳಿದದ್ದು ಸಹೋದ್ಯೋಗಿಗಳು ಇಟ್ಟ ಈ ಹೆಸರು.

ಹೆಂಡತಿ ಇದಕ್ಕೆ ತದ್ವಿರುದ್ಧ. ಅವಳು ಆಸ್ಪತ್ರೆಯ ನವಜಾತ ಶಿಶುಗಳ ವಾರ್ಡಿನಲ್ಲಿ ರಾತ್ರಿ ಪಾಳಿಯ ನರ್ಸು. ಒಂಬೈನೂರು ಗ್ರಾಂ ತೂಗುವ ಮಗುವಿಗೆ ಔಷಧಿ ಅಳೆಯುವಾಗ ಅರ್ಧ ಮಿಲಿಲೀಟರ್ ಹೆಚ್ಚುಕಡಿಮೆಯಾದರೆ ತಪ್ಪಿಹೋಗುವುದು ಲೆಕ್ಕವಲ್ಲ, ಮಗು. ಗಂಡ ಹೆಂಡತಿ ಇಬ್ಬರನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಸಾಧಾರಣ ಮನುಷ್ಯರು ಬರುತ್ತಿದ್ದರು. ಆದರೆ ಸಂಸಾರದಲ್ಲಿ ಸರಾಸರಿ ತೆಗೆಯುವ ಪದ್ಧತಿ ಇಲ್ಲ.

ಅವರ ಬಾಡಿಗೆ ಮನೆ ಮೊದಲನೆಯ ಮಹಡಿಯದು. ಕೆಳಗೆ ಮನೆಯ ಮಾಲೀಕರಾದ ವಕೀಲರ ಕಚೇರಿ. ಆಸ್ಪತ್ರೆಗೆ ನಡೆದು ಆರು ನಿಮಿಷ. ಇದಕ್ಕೆ ಮೊದಲಿದ್ದ ಮನೆಯಿಂದ ಎರಡು ಬಸ್ಸು, ಎಪ್ಪತ್ತು ನಿಮಿಷ. ರಾತ್ರಿಯೆಲ್ಲ ನಿಂತು ದುಡಿದವಳು ಬಸ್ಸಿನಲ್ಲೂ ನಿಂತೇ ಬರುತ್ತಿದ್ದಳು. ಇನ್ನೊಂದು ವರ್ಷ ಹೀಗಾದರೆ ಕೆಲಸ ಬಿಡುತ್ತೇನೆಂದು ಅವಳು ಹೇಳಿದ ವಾರವೇ ಈ ಮನೆ ಸಿಕ್ಕಿತ್ತು. ಈಗ ಅವಳು ಬೆಳಗ್ಗೆ ಒಂಬತ್ತಕ್ಕೆ ಮಲಗುವ ಕೋಣೆಯ ಪರದೆ ಎಳೆದು, ಎ.ಸಿ. ಹಾಕಿ, ನಾಲ್ಕರವರೆಗೆ ನಿದ್ದೆ ಮಾಡುವಳು. ಸುಮಾರಪ್ಪನ ಪಾಳಿ ಮಧ್ಯಾಹ್ನ ಎರಡಕ್ಕೆ. ಆ ಏಳು ಗಂಟೆಗಳ ನಿದ್ದೆಯ ಮೇಲೆ ಒಂದು ಸಂಸಾರವೂ ವಾರ್ಡಿನ ಹದಿನಾಲ್ಕು ತೊಟ್ಟಿಲುಗಳೂ ನಿಂತಿದ್ದವು.

ವಕೀಲರ ಬಾಡಿಗೆ ಕರಾರಿನಲ್ಲಿ ಹದಿನೇಳು ಷರತ್ತುಗಳು. ಹದಿನೇಳನೆಯದು ಹೀಗಿತ್ತು: "ಹವಾನಿಯಂತ್ರಣ ಯಂತ್ರವು ಸದಾ ಸುಸ್ಥಿತಿಯಲ್ಲಿರತಕ್ಕದ್ದು, ಇಲ್ಲವಾದಲ್ಲಿ ಬಾಡಿಗೆದಾರನು ಇರತಕ್ಕದ್ದಲ್ಲ." ಇದು ಬಾಯಿಬೆದರಿಕೆಯಾಗಿರಲಿಲ್ಲ. ಇದೇ ಷರತ್ತಿನ ಮೇಲೆ ಮೂವರು ಬಾಡಿಗೆದಾರರು ಸಾಲಾಗಿ ಮನೆ ಬಿಟ್ಟಿದ್ದರು.

ಒಂದು ಶನಿವಾರ ಮೆಟ್ಟಿಲ ಮೇಲೆ ಎದುರಾದ ವಕೀಲರು ವಾಡಿಕೆಯಂತೆ, "ಎ.ಸಿ. ಸರಿಯಾಗಿದೆಯಷ್ಟೆ?" ಎಂದು ಕೇಳಿದರು. ಸರಿಯಾದ ಉತ್ತರ 'ಹೌದು'. ಎರಡಕ್ಷರ. ಸುಮಾರಪ್ಪನಿಗೆ ಅದು ತೀರಾ ಬಡಕಲಾಗಿ ಕಂಡಿತು.

"ಸರಿ ಅಂದ್ರೆ ಏನ್ ಸಾರ್! ಹೆಂಡತಿ ಎರಡು ಕಂಬಳಿ ಹೊದ್ಕೋತಾಳೆ. ನಾನು ಒಳಗೆ ಹೋಗ್ಬೇಕು ಅಂದ್ರೆ ಕಾಲುಚೀಲ ಹಾಕ್ಕೋಬೇಕು. ಮೊನ್ನೆ ಮಾತಾಡಿದ್ರೆ ಬಾಯಿಂದ ಹೊಗೆ ಬಂತು ಸಾರ್."

ವಕೀಲರ ಮುಖ ಅರಳಿತು. "ನೋಡಿ, ಆ ಮೂರು ಜನಕ್ಕೂ ಇದನ್ನೇ ಹೇಳ್ತಿದ್ದೆ. ಯಂತ್ರ ಕೆಡೋದಿಲ್ಲ, ಬಾಡಿಗೆದಾರ ಕೆಡ್ತಾನೆ. ಈ ತಿಂಗಳ ಕೊನೇಲಿ ಕರಾರು ಹೊಸದು ಮಾಡೋಣ. ನಿಮ್ಮಂಥವರು ಇರ್ಬೇಕು ಕಣ್ರೀ."

ಮರುದಿನ, ಭಾನುವಾರ, ಬೆಳಗ್ಗೆ ಒಂಬತ್ತೂಕಾಲಿಗೆ ಎ.ಸಿ. ಕೆಟ್ಟಿತು.

ಕೆಟ್ಟಿತೆಂದರೆ ನಿಲ್ಲಲಿಲ್ಲ. ನಿಂತಿದ್ದರೆ ಒಂದು ಮರ್ಯಾದೆಯಿತ್ತು. ಹಸಿರು ದೀಪ ಉರಿಯುತ್ತಿತ್ತು, ರೆಕ್ಕೆ ಮೇಲೆ ಕೆಳಗೆ ಆಡುತ್ತಿತ್ತು, ಗಾಳಿಯೂ ಬರುತ್ತಿತ್ತು. ಆದರೆ ಅದು ಜ್ವರ ಬಂದವರ ಉಸಿರಿನಂತಹ ಗಾಳಿ. ಹತ್ತು ಗಂಟೆಗೆ ಹೆಂಡತಿ ಎದ್ದು ಬಂದಳು. ಔಷಧಿಯ ಪೆಟ್ಟಿಗೆಯಲ್ಲಿದ್ದ ಉಷ್ಣಮಾಪಕ ಅವಳ ಕೈಯಲ್ಲಿತ್ತು.

"ಕೋಣೇಲಿ ಮೂವತ್ತನಾಲ್ಕು ಇದೆ. ಕೆಳಗೆ ಹೋಗಿ ವಕೀಲರಿಗೆ ಹೇಳಿ ಬನ್ನಿ."

ಸುಮಾರಪ್ಪ ಅರ್ಧ ಮೆಟ್ಟಿಲವರೆಗೆ ಇಳಿದ. ನಿನ್ನೆ ತಾನೇ ಬಾಯಿಂದ ಹೊಗೆ ಬಂದವನು ಇಂದು ಹೋಗಿ ಬೆವರು ಒರೆಸಿಕೊಳ್ಳುವುದು ಹೇಗೆ? ಅವನು ಅಲ್ಲೇ ಹತ್ತು ನಿಮಿಷ ನಿಂತು ಮೇಲೆ ಬಂದ.

"ಹೇಳಿದ್ರಾ?"

"ಸುಮಾರಾಗಿ ಹೇಳಿದೀನಿ."

ಎರಡನೆಯ ದಿನ ಹನ್ನೊಂದಕ್ಕೆ ಬಾಗಿಲಿನ ಮೇಲೆ ಬೆರಳುಗುರಿನ ಸದ್ದಾಯಿತು. ಒಳಗೆ ನರ್ಸಮ್ಮ ಮಲಗಿರುತ್ತಾಳೆಂಬುದು ಬೀದಿಗೇ ಗೊತ್ತು. ಗಂಟೆಯನ್ನು ಯಾರೂ ಒತ್ತುತ್ತಿರಲಿಲ್ಲ. ಬಂದವನು ಕೆಳಗೆ ಗೋಡೆಗೆ ಅಂಟಿಕೊಂಡ ತಗಡಿನ ಮಾಡಿನಡಿ ಬಟ್ಟೆ ಉಜ್ಜುವ ಇಸ್ತ್ರಿಯವನು. ಐವತ್ತು ದಾಟಿದ ಮನುಷ್ಯ. ಮುಖದಲ್ಲಿ ಸಾವಿನ ಮನೆಗೆ ಬಂದವನ ಗಾಂಭೀರ್ಯ.

"ಸಾರ್, ನೀರು ನಿಂತೋಗಿದೆ."

"ಯಾವ ನೀರು?"

"ನಿಮ್ಮ ನೀರು."

ಸುಮಾರಪ್ಪ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನೋಡಿಬಂದ. "ಬರ್ತಿದೆಯಲ್ಲಪ್ಪ."

"ನಲ್ಲಿ ನೀರಲ್ಲ ಸಾರ್. ಎ.ಸಿ. ನೀರು."

ಆಗ ತಿಳಿದುಬಂದ ಸಂಗತಿ ಇದು. ಎ.ಸಿ. ತಂಪು ಮಾಡುವಾಗ ಕೋಣೆಯ ಗಾಳಿಯಲ್ಲಿರುವ ತೇವವನ್ನು ನೀರಾಗಿಸಿ, ಬಾಲ್ಕನಿಯ ಮೂಲಕ ಹಾಯುವ ಕೊಳವೆಯಲ್ಲಿ ಹೊರಗೆ ಬಿಡುತ್ತದೆ. ಗಂಟೆಗೆ ಒಂದು ಲೀಟರ್, ದಿನಕ್ಕೆ ಏಳು. ಆ ನೀರಿನಲ್ಲಿ ಉಪ್ಪಿನಂಶವಿಲ್ಲ, ಸುಣ್ಣವಿಲ್ಲ. ಇಸ್ತ್ರಿಯವನು ಕೊಳವೆಯ ಬಾಯಿಗೆ ಕ್ಯಾನ್ ಇಟ್ಟು ಅದನ್ನು ಹಿಡಿಯುತ್ತಿದ್ದ. ಮೂರು ಲೀಟರ್ ಬಟ್ಟೆಗೆ ಚಿಮುಕಿಸಲು ತನಗೆ. ನಾಲ್ಕು ಲೀಟರ್ ಎದುರಿನ ಬ್ಯಾಟರಿ ಅಂಗಡಿಯವಳಿಗೆ. ಬ್ಯಾಟರಿಗಳಿಗೆ ಇಂಥದೇ ನೀರು ಬೇಕು. ಪ್ರತಿಯಾಗಿ ಅವಳು ಅವನ ರೇಡಿಯೋಗೆ ಕರೆಂಟು ಕೊಡುತ್ತಿದ್ದಳು. ಸುಮಾರಪ್ಪನ ಕೋಣೆಯ ಬೆವರಿನ ಮೇಲೆ ಬೀದಿಯಲ್ಲಿ ಎರಡು ಉದ್ಯೋಗಗಳೂ ಒಂದು ರೇಡಿಯೋವೂ ನಡೆಯುತ್ತಿದ್ದವು; ಅವನೊಬ್ಬನಿಗೆ ಗೊತ್ತಿರಲಿಲ್ಲ.

"ಮಿಷನ್ ಕೆಟ್ಟೋಗಿದ್ರೆ ಹೇಳಿ ಸಾರ್," ಎಂದ ಇಸ್ತ್ರಿಯವನು. "ದಿನಾ ಬೆಳಗ್ಗೆ ವಕೀಲರಿಗೆ ಕೋಟು ಕೊಡೋಕೆ ಹೋಗ್ತೀನಲ್ಲ, ನಾನೇ ಒಂದು ಮಾತು ಹಾಕ್ತೀನಿ."

"ಬೇಡ!" ಎಂದು ಸುಮಾರಪ್ಪ ಕೂಗಿ, ಮಲಗುವ ಕೋಣೆಯ ಕಡೆ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದ. "ಕೆಟ್ಟಿಲ್ಲ ಕಣಯ್ಯ. ಸ್ವಲ್ಪ ವಿಶ್ರಾಂತಿ ತಗೋತಿದೆ. ನೀನು ಹೋಗಿ ಕ್ಯಾನ್ ಇಡು. ಸುಮಾರು ಅರ್ಧ ಗಂಟೇಲಿ ನೀರು ಬರುತ್ತೆ."

ಬಂತು. ಸುಮಾರಪ್ಪ ಬಾಲ್ಕನಿಯಲ್ಲಿ ಕೊಳವೆಯ ಜೋಡಣೆಯನ್ನು ಬಿಚ್ಚಿ, ಅದಕ್ಕೊಂದು ಆಲಿಕೆ ಸಿಕ್ಕಿಸಿ, ಅಡುಗೆಮನೆಯ ಬೋರ್‌ವೆಲ್ ನೀರನ್ನು ಲೋಟ ಲೋಟವಾಗಿ ಸುರಿದ. ಕೆಳಗಿನಿಂದ "ಬಂತು ಸಾರ್, ಬಂತು!" ಎಂಬ ಕೂಗು ಕೇಳಿದಾಗ ಅವನಿಗಾದ ಸಂತೋಷವನ್ನು ನೋಡಿದರೆ, ನಿಜವಾಗಿಯೂ ಎ.ಸಿ. ದುರಸ್ತಿಯಾಯಿತೆಂದು ಅವನೇ ನಂಬಿದನೇನೋ ಎನ್ನಿಸುತ್ತಿತ್ತು. ಯಂತ್ರ ಕೆಟ್ಟರೆ ಯಂತ್ರವನ್ನು ಸರಿಮಾಡುವುದು ಒಂದು ಮಾರ್ಗ. ಸರಿಯಾಗಿದೆಯೆಂಬುದಕ್ಕೆ ಸಾಕ್ಷ್ಯವನ್ನು ತಯಾರಿಸುವುದು ಇನ್ನೊಂದು. ಎರಡನೆಯದರಲ್ಲಿ ಶ್ರಮ ಹೆಚ್ಚು.

ಅಂದು ಒಂದೂವರೆಯವರೆಗೆ, ಮರುದಿನದಿಂದ ಒಂಬತ್ತಕ್ಕೇ ಶುರುಮಾಡಿ, ಅವನು ಬಾಲ್ಕನಿಯಲ್ಲಿ ಮೊಣಕಾಲೂರಿ ಕುಳಿತು ಎ.ಸಿ.ಯ ಪರವಾಗಿ ಬೆವರಿದ. ಒಂದೂವರೆಗೆ ಅವನು ಕಚೇರಿಗೆ ಹೊರಟರೆ ನೀರು ನಿಲ್ಲುತ್ತಿತ್ತು. ಮೂರನೆಯ ದಿನ ಬ್ಯಾಟರಿ ಅಂಗಡಿಯವಳು ಬೀದಿಯ ಆ ಬದಿಯಿಂದಲೇ ಕೂಗಿದಳು. ನಲವತ್ತರ ಹೆಂಗಸು, ಬೀದಿಗೆಲ್ಲ ಅವಳು ಬ್ಯಾಟರಿ ಅಕ್ಕ.

"ಏನಣ್ಣ, ನಿಮ್ಮ ಎ.ಸಿ.ಗೂ ಸರ್ಕಾರಿ ಕೆಲಸ ಸಿಕ್ತಾ? ಮಧ್ಯಾಹ್ನದ ಮೇಲೆ ಸೀಟಲ್ಲೇ ಇರಲ್ವಲ್ಲ!"

ಇದಕ್ಕೂ ಪರಿಹಾರ ಮನೆಯಲ್ಲೇ ಇತ್ತು. ಹೊಸ ನರ್ಸುಗಳಿಗೆ ಕಲಿಸಲೆಂದು ಹೆಂಡತಿ ಕಪಾಟಿನಲ್ಲಿ ಒಂದು ಖಾಲಿ ಸಲೈನ್ ಬಾಟಲಿಯನ್ನೂ ಅದರ ನಳಿಗೆಯನ್ನೂ ಇಟ್ಟುಕೊಂಡಿದ್ದಳು. ಸುಮಾರಪ್ಪ ಬಾಟಲಿಗೆ ನೀರು ತುಂಬಿ, ಬಟ್ಟೆ ಒಣಹಾಕುವ ತಂತಿಗೆ ತಲೆಕೆಳಗಾಗಿ ನೇತುಹಾಕಿ, ನಳಿಗೆಯ ತುದಿಯನ್ನು ಆಲಿಕೆಗೆ ಬಿಟ್ಟ. ಲೆಕ್ಕ ಸುಲಭವಾದದ್ದು. ಬಾಟಲಿ ಅರ್ಧ ಲೀಟರಿನದು. ಒಂದು ಮಿಲಿಲೀಟರಿಗೆ ಇಪ್ಪತ್ತು ಹನಿ. ಒಟ್ಟು ಹತ್ತು ಸಾವಿರ ಹನಿ. ಒಂದೂವರೆಯಿಂದ ನಾಲ್ಕಕ್ಕೆ ನೂರ ಐವತ್ತು ನಿಮಿಷ. ನಿಮಿಷಕ್ಕೆ ಅರವತ್ತಾರು ಹನಿಯನ್ನು ಮೀರಬಾರದು. ಸುಮಾರಪ್ಪ ಸುಮಾರು ಎಪ್ಪತ್ತಕ್ಕೆ ಬಿಟ್ಟ. ಆದಕಾರಣ ಪ್ರತಿದಿನ ನಾಲ್ಕಕ್ಕೆ ಏಳು ನಿಮಿಷವಿರುವಾಗಲೇ ಎ.ಸಿ. ಕೆಲಸ ಮುಗಿಸುತ್ತಿತ್ತು.

"ಮಧ್ಯಾಹ್ನ ಯಾಕೋ ತೊಟ್ಟು ತೊಟ್ಟಾಗಿ ಬರುತ್ತೆ ಸಾರ್," ಎಂದ ಇಸ್ತ್ರಿಯವನು.

"ಊಟದ ಹೊತ್ತು ನೋಡಪ್ಪ. ಯಂತ್ರಕ್ಕೂ ಮಂಪರು ಬರುತ್ತೆ."

ಮಂಪರು ಬರುತ್ತಿದ್ದದ್ದು ಹೆಂಡತಿಗೆ. ನಿದ್ದೆ ಮಾತ್ರ ಬರುತ್ತಿರಲಿಲ್ಲ. ನಾಲ್ಕನೆಯ ದಿನ ಬೆಳಗ್ಗೆ ಅವಳು ಆಸ್ಪತ್ರೆಯಿಂದ ಬಂದವಳು ಬ್ಯಾಟರಿ ಅಂಗಡಿಯ ಷಟರಿಗೆ ಮನೆಯ ಬೀಗದ ಕೈ ಹಾಕಿ ಐದು ನಿಮಿಷ ತಿರುಗಿಸಿದಳು. ಐದನೆಯ ದಿನ ಗಂಡನನ್ನು "ಒಂಬತ್ತನೇ ತೊಟ್ಟಿಲು" ಎಂದು ಕರೆದು, ಹಾಲು ಕುಡಿದು ಎಷ್ಟು ಹೊತ್ತಾಯಿತೆಂದು ವಿಚಾರಿಸಿದಳು. ಆರನೆಯ ದಿನ ಬಂದವಳು ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕುಳಿತಳು.

"ಹೆಡ್ ನರ್ಸ್ ಇವತ್ತು ನನ್ನ ಕೈಯಿಂದ ಸಿರಿಂಜು ಇಸ್ಕೊಂಡ್ರು. ನಿದ್ದೆ ಇಲ್ಲದವಳ ಕೈಗೆ ಮಕ್ಕಳನ್ನ ಕೊಡಲ್ಲ ಅಂದ್ರು. ಭಾನುವಾರ ರಾತ್ರಿ ಬಂದಾಗ ಕಣ್ಣು ನೋಡ್ತಾರಂತೆ. ಹಿಂಗೇ ಇದ್ರೆ ಸೋಮವಾರದಿಂದ ರೆಕಾರ್ಡ್ ರೂಮು. ಕಾಗದ ಜೋಡಿಸೋ ಕೆಲಸ." ಅವಳು ಗಂಡನ ಮುಖ ನೋಡಿದಳು. "ವಕೀಲರು ಏನಂತಾರೆ?"

"ನೋಡ್ತೀನಿ ಅಂದಿದಾರೆ," ಎಂದ ಸುಮಾರಪ್ಪ. ಇದು ಅಂದಾಜೂ ಅಲ್ಲ. ನಾಳೆ ಶನಿವಾರ ವಕೀಲರು ಕೋರ್ಟಿನಿಂದ ಬಂದೊಡನೆ ಹೇಳಿಬಿಡಬೇಕೆಂದು ನಿಶ್ಚಯಿಸಿದ. ಆದರೆ ಶನಿವಾರ ವಕೀಲರೇ ಮೊದಲು ಬಂದರು.

ಆ ಬೆಳಗ್ಗೆ ಕೋರ್ಟಿನಲ್ಲಿ ವಕೀಲರು ವಾದಿಸಲು ಎದ್ದು ನಿಂತಾಗ ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು, "ವಕೀಲರೇ, ಮನೆಗೆ ಸುಣ್ಣ ಹೊಡೆಸ್ತಿದೀರಾ?" ಎಂದು ಕೇಳಿದ್ದರು. ಕಪ್ಪು ಕೋಟಿನ ಬೆನ್ನು, ತೋಳು, ಕಾಲರು ಎಲ್ಲೆಲ್ಲೂ ಬಿಳಿಯ ಚುಕ್ಕೆ. ಸುಣ್ಣದಂಶ ತುಂಬಿದ ಬೋರ್‌ವೆಲ್ ನೀರು ಕಾದ ಇಸ್ತ್ರಿಯಡಿ ಒಣಗಿದರೆ ಆಗುವುದು ಹೀಗೆಯೇ. ಎದುರು ವಕೀಲ ಮೆಲ್ಲಗೆ, "ಕೋಟಿನ ತುಂಬ ನಕ್ಷತ್ರ, ಕೇಸಿನಲ್ಲಿ ಏನೂ ಇಲ್ಲ" ಎಂದದ್ದು ಇಡೀ ಕೋಣೆಗೆ ಕೇಳಿಸಿತ್ತು.

ವಕೀಲರು ನೇರ ಇಸ್ತ್ರಿಯವನ ಮುಂದೆ ನಿಂತರು. ಇಸ್ತ್ರಿಯವನು ಕ್ಯಾನ್ ತೋರಿಸಿದ. ಅಷ್ಟರಲ್ಲಿ ಬ್ಯಾಟರಿ ಅಕ್ಕ ಪೆನ್ನಿನಂತಹ ಒಂದು ಮೀಟರನ್ನು ಹಿಡಿದು ರಸ್ತೆ ದಾಟಿ ಬಂದಳು. ನೀರಿನಲ್ಲಿ ಲವಣ ಎಷ್ಟಿದೆಯೆಂದು ಅದು ಅಂಕಿಯಲ್ಲಿ ಹೇಳುತ್ತದೆ.

"ಸಾರ್, ಮೊದಲೆಲ್ಲ ಈ ನೀರು ಹನ್ನೊಂದು ತೋರಿಸ್ತಿತ್ತು. ಈಗ ನೋಡಿ, ಆರುನೂರ ನಲವತ್ತು. ಪುಣ್ಯಕ್ಕೆ ಬ್ಯಾಟರಿಗೆ ಹಾಕೋ ಮುಂಚೆ ಅದ್ದಿ ನೋಡಿದೆ. ನಿಮ್ಮ ಎ.ಸಿ. ಬೋರ್‌ವೆಲ್ ತೋಡಿದೆ ಸಾರ್!"

ಮೂವರೂ ಮೆಟ್ಟಿಲು ಹತ್ತಿದರು. ವಕೀಲರ ಬೆರಳು ಗಂಟೆಯ ಮೇಲೆ ಬಿತ್ತು. ಅವರು ಈ ಮನೆಗೆ ಬಂದ ಹನ್ನೊಂದು ತಿಂಗಳಲ್ಲಿ ಆ ಗಂಟೆ ಮೊಳಗಿದ್ದು ಅದೇ ಮೊದಲು. ಗಂಟೆ ಒಂದೂಕಾಲು. ಬಾಗಿಲು ತೆರೆದವಳು ಹೆಂಡತಿ. ಕೆದರಿದ ಕೂದಲು, ಕೆಂಪು ಕಣ್ಣು.

"ಎ.ಸಿ. ನೋಡೋಕೆ ಬಂದ್ರಾ ಸಾರ್?" ಎಂದು ಅವಳು ಕೈಮುಗಿದಳು. "ಆರು ದಿನದಿಂದ ಕಾಯ್ತಿದೀನಿ."

"ಆರು ದಿನ?" ಎಂದರು ವಕೀಲರು.

ಬಾಲ್ಕನಿಯಲ್ಲಿ ಸುಮಾರಪ್ಪ ಆಗತಾನೆ ಬಾಟಲಿಯನ್ನು ತಂತಿಗೆ ನೇತುಹಾಕಿ ಹನಿಯ ವೇಗ ಹೊಂದಿಸುವ ಚಕ್ರ ತಿರುಗಿಸುತ್ತಿದ್ದ. ಹಿಂದಿನಿಂದ ನಾಲ್ಕು ಜನ ಬಂದದ್ದು ಅವನಿಗೆ ತಿಳಿಯಲಿಲ್ಲ. ಹೆಂಡತಿ ಮುಂದೆ ಬಂದು, ಹನಿಗಳನ್ನು ನೋಡಿ, ಅಭ್ಯಾಸಬಲದಿಂದ ಗಡಿಯಾರದತ್ತ ಕಣ್ಣಿಟ್ಟು ಕಾಲು ನಿಮಿಷ ಎಣಿಸಿ, ಚಕ್ರವನ್ನು ಒಂದು ಕೂದಲೆಳೆಯಷ್ಟು ಬಿಗಿಮಾಡಿದಳು. ಆಮೇಲಷ್ಟೇ ಬಾಟಲಿಯಿಂದ ನಳಿಗೆಗೆ, ನಳಿಗೆಯಿಂದ ಆಲಿಕೆಗೆ, ಆಲಿಕೆಯಿಂದ ಗಂಡನ ಮುಖಕ್ಕೆ ಅವಳ ದೃಷ್ಟಿ ಇಳಿಯಿತು.

"ಎ.ಸಿ.ಗೆ ಡ್ರಿಪ್ ಹಾಕಿದೀರಾ?"

ಸುಮಾರಪ್ಪನ ಬಾಯಿ ತೆರೆಯಿತು. ಹೊಗೆಯಾಗಲಿ ಮಾತಾಗಲಿ ಬರಲಿಲ್ಲ.

"ವಕೀಲರಿಗೆ ಹೇಳೇ ಇಲ್ಲ ಅಲ್ವಾ? ಎಷ್ಟು ದಿನದಿಂದ ಇದು?"

"ಸುಮಾರು..."

"ಸುಮಾರು ಬೇಡ."

ಸುಮಾರಪ್ಪ ತಲೆ ತಗ್ಗಿಸಿದ. "ಕೆಟ್ಟು ಆರು ದಿನ, ನಾಲ್ಕು ಗಂಟೆ. ಡ್ರಿಪ್ ಹಾಕಿ ನಾಲ್ಕು ದಿನ. ಇದು ಐದನೇ ಬಾಟಲಿ. ಮನೆ ಹೋಗುತ್ತೆ ಅಂತ ಹೆದರಿಕೆ ಆಯ್ತು ಕಣೆ. ಮತ್ತೆ ಆ ಎರಡು ಬಸ್ಸು..." ಇದು ಅವನ ಜೀವಮಾನದ ಮೊದಲನೆಯ ಕರಾರುವಾಕ್ಕಾದ ಉತ್ತರ. ಹೆಂಡತಿ ಚಕ್ರ ತಿರುಗಿಸಿ ಹನಿಗಳನ್ನು ನಿಲ್ಲಿಸಿದಳು.

ವಕೀಲರು ಅಷ್ಟಕ್ಕೆ ನಿಲ್ಲುವವರಲ್ಲ. ಬಾಲ್ಕನಿಯ ಕಟಕಟೆಗೆ ಕೈಯೂರಿ, ಚುಕ್ಕೆಯ ಕೋಟನ್ನು ಸರಿಪಡಿಸಿಕೊಂಡರು. "ಹದಿನೇಳನೇ ಷರತ್ತು. ಯಂತ್ರ ಸುಸ್ಥಿತಿಯಲ್ಲಿಲ್ಲ; ಮೇಲಾಗಿ ವಂಚನೆ. ಈ ತಿಂಗಳ ಕೊನೆಗೆ ಮನೆ ಖಾಲಿ ಮಾಡ್ಬೇಕು. ಯಂತ್ರ ಇವರ ಕೈಯಲ್ಲೇ ಕೆಟ್ಟಿತು ಅನ್ನೋದಕ್ಕೆ ಸಾಕ್ಷಿ ಇದೆ." ಇಸ್ತ್ರಿಯವನ ಕಡೆ ತಿರುಗಿದರು. "ಹೇಳಪ್ಪ, ನೀರು ಯಾವಾಗ ನಿಲ್ತು?"

"ಹೋದ ಭಾನುವಾರ ಸಾರ್."

"ನೋಡಿದ್ರಾ!"

"ಹೋದ ವರ್ಷವೂ ಇದೇ ತಿಂಗಳಲ್ಲಿ ನಿಂತಿತ್ತು ಸಾರ್."

"ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳು."

"ಕೇಳಿದ್ದಕ್ಕೇ ಹೇಳ್ತಿದೀನಿ ಸಾರ್. ನೀರು ಯಾವಾಗ ನಿಲ್ತು ಅಂದ್ರಲ್ಲ. ಹೋದ ವರ್ಷ ಫೋಟೋ ಸ್ಟುಡಿಯೋದವರು ಇದ್ದಾಗ ನಿಲ್ತು. ಅದರ ಹಿಂದಿನ ವರ್ಷ ಆ ಟೀಚರ್ ದಂಪತಿ ಇದ್ದಾಗ ನಿಲ್ತು. ಅದಕ್ಕೂ ಹಿಂದೆ ಬ್ಯಾಂಕಿನವರು. ಅವಾಗ್ಲೂ ನಿಲ್ತು. ಬಿಸಿಲು ಏರಿದ ವಾರ ನೀರು ನಿಲ್ಲುತ್ತೆ, ಅವರು ಹೋಗ್ತಾರೆ, ನೀವು ರಿಪೇರಿ ಮಾಡಿಸ್ತೀರಿ, ನೀರು ಬರುತ್ತೆ. ನಾನು ಅದನ್ನ ಒಂದು ಪದ್ಧತಿ ಅಂದ್ಕೊಂಡಿದ್ದೆ."

"ಆ ಮೂರು ಜನವೂ ಕೆಡಿಸಿ ಹೋದ್ರು!"

"ಸಾರ್," ಎಂದಳು ನರ್ಸು, ಮೆಲ್ಲಗೆ. "ಒಂದೇ ತೊಟ್ಟಿಲಲ್ಲಿ ಒಂದಾದ್ಮೇಲೆ ಒಂದು ಮಲಗಿಸಿದ ನಾಲ್ಕು ಮಕ್ಕಳಿಗೂ ನೆಗಡಿ ಆದ್ರೆ, ನಾವು ಮಕ್ಕಳನ್ನ ಬೈಯಲ್ಲ. ತೊಟ್ಟಿಲು ಎಲ್ಲಿಟ್ಟಿದೀವಿ ಅಂತ ನೋಡ್ತೀವಿ."

ನಾಲ್ಕು ಬಾಡಿಗೆದಾರರು, ನಾಲ್ಕು ಬೇಸಿಗೆ, ಒಂದು ಯಂತ್ರ. ಸಾಮಾನ್ಯ ಅಪವರ್ತನ ಯಾವುದೆಂಬುದನ್ನು ಐದನೆಯ ತರಗತಿಯ ಮಕ್ಕಳೂ ಹೇಳಬಲ್ಲರು. ವಕೀಲರು ಹಟಮಾರಿಯೇ ಹೊರತು ಅಪ್ರಾಮಾಣಿಕರಲ್ಲ. ತಾವೇ ಕರೆದ ಸಾಕ್ಷಿ ತಮಗೇ ತಿರುಗಿಬಿದ್ದಾಗ ಮಾಡಬೇಕಾದ ಒಂದೇ ಕೆಲಸ ಅವರಿಗೆ ಗೊತ್ತಿತ್ತು.

"ಸೋಮವಾರಕ್ಕೆ ಮುಂದೂಡೋಣ," ಎಂದರು.

"ಸೋಮವಾರ ನಾನು ರೆಕಾರ್ಡ್ ರೂಮಲ್ಲಿ ಇರ್ತೀನಿ ಸಾರ್."

ಬ್ಯಾಟರಿ ಅಕ್ಕ ಅಷ್ಟರಲ್ಲಿ ಫೋನು ತೆಗೆದಾಗಿತ್ತು. "ನನ್ನ ತಮ್ಮ ಎ.ಸಿ. ಮೆಕ್ಯಾನಿಕ್ಕು. ಈಗಲೇ ಬರ್ತಾನೆ. ಮುಂದೂಡೋದು ನಿಮ್ಮ ಕೋರ್ಟಲ್ಲಿ ಸಾರ್, ನಮ್ಮ ಬೀದೀಲಲ್ಲ."

ಮೆಕ್ಯಾನಿಕ್ಕು ಮೂರಕ್ಕೆ ಬಂದ. ಬಾಲ್ಕನಿಯಲ್ಲಿ ತೂಗುತ್ತಿದ್ದ ಬಾಟಲಿಯನ್ನು ನೋಡಿ ಟೋಪಿ ತೆಗೆದ. "ಪೇಷೆಂಟ್ ಅಡ್ಮಿಟ್ ಆಗಿ ಎಷ್ಟು ದಿನ ಆಯ್ತಣ್ಣ?" ಸುಮಾರಪ್ಪ ರಜೆ ಹೇಳಿ ಮನೆಯಲ್ಲೇ ಉಳಿದಿದ್ದ. ಅವನು ಏಣಿಯನ್ನು ಹಿಡಿದುಕೊಂಡ.

ಹೊರಗೋಡೆಯ ಮೇಲಿನ ದೊಡ್ಡ ಪೆಟ್ಟಿಗೆಯನ್ನು ಬಿಚ್ಚಿ ಮೆಕ್ಯಾನಿಕ್ಕು ಲೋಟದಷ್ಟು ಗಾತ್ರದ ಒಂದು ಡಬ್ಬಿಯನ್ನು ಹೊರತೆಗೆದ. ಅದರ ತಲೆ ಊದಿಕೊಂಡಿತ್ತು. "ಇದು ಸುಟ್ಟಿದೆ. ಬದಲಾಯಿಸಿದ್ರೆ ಆಯ್ತು. ಆದ್ರೆ ಮುಂದಿನ ಬೇಸಿಗೆಗೆ ಮತ್ತೆ ಸುಡುತ್ತೆ." ಏಣಿಯ ಮೇಲಿಂದಲೇ ವಕೀಲರನ್ನು ನೋಡಿದ. "ಸಾರ್, ಈ ಬೋರ್ಡು ಯಾರದು?"

ಬೋರ್ಡು ವಕೀಲರದು. ಆರಡಿ ಉದ್ದ, ಮೂರಡಿ ಎತ್ತರ. ವಕೀಲರ ಪದವಿಗಳೆಲ್ಲ ಅದರಲ್ಲಿದ್ದವು, ಕೊನೆಯಲ್ಲಿ ಸ್ಥಳ ಉಳಿದದ್ದರಿಂದ 'ಇತ್ಯಾದಿ' ಎಂದೂ ಇತ್ತು. ಪೆಟ್ಟಿಗೆಯ ಫ್ಯಾನಿಗೆ ಸರಿಯಾಗಿ ಒಂದು ಗೇಣು ದೂರದಲ್ಲಿ ಅದನ್ನು ಜಡಿದಿದ್ದರು.

"ಮಿಷನ್ನಿನ ಮೂಗಿಗೇ ಹೊಡೆದಿದೀರಿ ಸಾರ್. ಬಿಟ್ಟ ಬಿಸಿ ಉಸಿರನ್ನೇ ಮತ್ತೆ ಎಳ್ಕೋತಿದೆ. ಮನುಷ್ಯರಾಗಿದ್ರೆ ಒಂದು ವಾರ ಬದುಕ್ತಿರಲಿಲ್ಲ. ಇದು ವರ್ಷಕ್ಕೆ ಹನ್ನೊಂದು ತಿಂಗಳು ಬದುಕಿದೆ."

"ಬಸ್ ಸ್ಟಾಪಿನಿಂದ ಕಾಣ್ಬೇಕಲ್ಲಪ್ಪ," ಎಂದರು ವಕೀಲರು. ಧ್ವನಿಯಲ್ಲಿ ಮೊದಲಿನ ಗತ್ತಿರಲಿಲ್ಲ.

"ನಿಮ್ಮ ಹತ್ರ ಬರೋರೆಲ್ಲ ಜಗಳ ಆಡ್ಕೊಂಡೇ ಬರ್ತಾರೆ ಸಾರ್," ಎಂದಳು ಬ್ಯಾಟರಿ ಅಕ್ಕ. "ದಾರಿ ಅವರಿಗೆ ಗೊತ್ತಿರುತ್ತೆ."

"ನನ್ನ ಮಾಡಿನ ಮೇಲೆ ಹಾಕ್ಕೊಳ್ಳಿ ಸಾರ್," ಎಂದು ಇಸ್ತ್ರಿಯವನು ಉದಾರನಾದ. "ದಿನಕ್ಕೆ ನೂರು ಜನ ಬಟ್ಟೆ ಕೊಡೋಕೆ ಬರ್ತಾರೆ. ಕಾಯೋವಾಗ ಓದ್ಕೋತಾರೆ. 'ಇತ್ಯಾದಿ'ವರೆಗೂ ಓದೋಷ್ಟು ಹೊತ್ತು ನಾನು ಕಾಯಿಸ್ತೀನಿ."

ವಕೀಲರು ಬೋರ್ಡನ್ನು ನೋಡಿದರು. ನರ್ಸಿನ ಕಣ್ಣುಗಳನ್ನು ನೋಡಿದರು. ತಮ್ಮ ಕೋಟಿನ ತೋಳನ್ನು ನೋಡಿಕೊಂಡರು. "ಬಿಚ್ಚಿ," ಎಂದರು.

ಸಂಜೆ ಐದು ಗಂಟೆ ಹತ್ತು ನಿಮಿಷಕ್ಕೆ ಪೆಟ್ಟಿಗೆಯೊಳಗೆ ಗುಡುಗಿನ ಮರಿಯೊಂದು ಗುಟುರು ಹಾಕಿತು. ಬೀದಿಯವರು ಕೊಳವೆಯ ಬಾಯಿಯ ಕೆಳಗೆ ಮುಖವೆತ್ತಿ ನಿಂತರು. ಇಪ್ಪತ್ತಮೂರು ನಿಮಿಷಗಳ ನಂತರ ಮೊದಲ ಹನಿ ಬಿತ್ತು. ಎರಡು ಲೋಟ ಚೆಲ್ಲಿದ ಮೇಲೆ ಬ್ಯಾಟರಿ ಅಕ್ಕ ಮೀಟರು ಅದ್ದಿದಳು. "ಹನ್ನೊಂದು!" ಎಂದು ಅವಳು ಕೂಗಿದಾಗ, ಪರೀಕ್ಷೆಯ ಫಲಿತಾಂಶ ಬಂದಂತೆ ಇಸ್ತ್ರಿಯವನು ಮೆಕ್ಯಾನಿಕ್ಕಿನ ಕೈ ಕುಲುಕಿದ.

ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಹೆಂಡತಿ ಪರದೆ ಎಳೆದಳು. ಮಲಗುವ ಮೊದಲು ಹೇಳಿದ್ದು ಇಷ್ಟೇ: "ನಿಮ್ಮ ಮೇಲಿನ ಸಿಟ್ಟು ಇದೆ. ಎದ್ದ ಮೇಲೆ ತೀರಿಸ್ಕೋತೀನಿ."

ಮೂರು ಗಂಟೆಗೆ ವಕೀಲರು ಹೊಸ ಕರಾರಿನ ಕಾಗದ ಹಿಡಿದು ಮೆಟ್ಟಿಲು ಹತ್ತಿದರು. ಗಂಟೆಯತ್ತ ಬೆರಳು ಚಾಚಿದಾಗ ಕೆಳಗಿನಿಂದ ಇಸ್ತ್ರಿಯವನು, ಎದುರಿನಿಂದ ಬ್ಯಾಟರಿ ಅಕ್ಕ ಒಟ್ಟಿಗೇ "ಶ್ಶ್!" ಎಂದರು. ಸ್ವಂತ ಮನೆಯ ಬಾಗಿಲನ್ನು ವಕೀಲರು ಉಗುರಿನಿಂದ ತಟ್ಟಿದರು. ಭಾನುವಾರದ ರಜೆಯಲ್ಲಿದ್ದ ಸುಮಾರಪ್ಪ ಅವರನ್ನು ಹಜಾರದ ಕುರ್ಚಿಯಲ್ಲಿ ಕೂರಿಸಿದ. ಮಲಗುವ ಕೋಣೆಯ ಬಾಗಿಲಿನಡಿಯ ಸಂದಿಯಿಂದ ತಣ್ಣನೆಯ ಗಾಳಿ ನೆಲದ ಗುಂಟ ಹರಿದು ಬರುತ್ತಿತ್ತು. ವಕೀಲರು ಮೊದಲು ಚಪ್ಪಲಿ ಬಿಟ್ಟರು. ಆಮೇಲೆ ಕಾಲು ನೀಡಿದರು.

"ಇಷ್ಟು ತಂಪಾಗಿರುತ್ತಾ ಇದು?" ಎಂದು ಪಿಸುಗುಟ್ಟಿದರು. ಆ ಯಂತ್ರವನ್ನು ಕೊಂಡು ಐದು ವರ್ಷವಾಗಿತ್ತು. ಅದರ ಗಾಳಿ ಅವರಿಗೆ ಸೋಕಿದ್ದು ಇದೇ ಮೊದಲು. ಅವರ ಕಚೇರಿಯಲ್ಲಿದ್ದದ್ದು ಫ್ಯಾನು.

ಮೂರು ಗಂಟೆ ಹನ್ನೆರಡು ನಿಮಿಷಕ್ಕೆ ವಕೀಲರು ಗೊರಕೆ ಹೊಡೆದರು.

ಹೆಂಡತಿ ಎದ್ದದ್ದು ಐದಕ್ಕೆ. ಎಂಟು ಗಂಟೆಗಳ ನಿದ್ದೆ ಮುಗಿಸಿ ಬಂದವಳ ಕಣ್ಣು ತೊಳೆದ ಗಾಜಿನಂತಿತ್ತು. ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ವಕೀಲರ ನಾಡಿಯನ್ನು ಅಭ್ಯಾಸಕ್ಕೆ ಒಮ್ಮೆ ನೋಡಿ, ಮೇಜಿನ ಮೇಲಿದ್ದ ಕರಾರನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಮೂರು ವರ್ಷದ ಅವಧಿ. ಅದೇ ಹದಿನೇಳು ಷರತ್ತು. ಗಂಡನ ಜೇಬಿನಿಂದ ಪೆನ್ನು ತೆಗೆದು, ಹದಿನೇಳನೆಯದರ ಕೆಳಗೆ ಉಳಿದ ಜಾಗದಲ್ಲಿ, ಕೇಸ್ ಷೀಟಿನ ದುಂಡನೆಯ ಅಕ್ಷರಗಳಲ್ಲಿ ಏನನ್ನೋ ಬರೆದಳು. ಸುಮಾರಪ್ಪ ಇಣುಕಿ ನೋಡಿ ಬಾಯಿಗೆ ಕೈಯಿಟ್ಟುಕೊಂಡ.

ವಕೀಲರು ಎಚ್ಚರಗೊಂಡು ನಾಚಿಕೊಂಡರು.

"ಸಾರ್, ಕೊನೇ ಪುಟ ಒಂದ್ಸಲ ಓದಿ," ಎಂದಳು ಅವಳು.

"ನಾನು ಬರೆದದ್ದನ್ನ ನನಗೇ ಓದೋಕೆ ಹೇಳ್ತೀಯೇನಮ್ಮ?"

"ನಾನೂ ಒಂದು ಮಾತು ಸೇರಿಸಿದೀನಿ ಸಾರ್."

"ಸೇರಿಸಮ್ಮ, ಸೇರಿಸು," ಎಂದು ವಕೀಲರು ಆಕಳಿಸಿ, ನಾಲ್ಕೂ ಪುಟಗಳಿಗೆ ಸಹಿ ಹಾಕಿದರು. ಮೂವತ್ತೊಂದು ವರ್ಷದ ವೃತ್ತಿಯಲ್ಲಿ ಅವರು ಓದದೆ ಸಹಿ ಹಾಕಿದ ಮೊದಲನೆಯ ಕಾಗದ ಅದು.

ಆ ರಾತ್ರಿ ಹೆಡ್ ನರ್ಸ್ ಅವಳ ಕಣ್ಣು ನೋಡಿದರು. ಸಿರಿಂಜಿನ ಟ್ರೇಯನ್ನು ಕೈಗಿತ್ತರು.

ವಕೀಲರು ಆ ಕರಾರನ್ನು ಓದಿದ್ದು ಮನೆಗೆ ಹೋದ ಮೇಲೆ. ಅಲ್ಲಿ ಹೀಗಿತ್ತು: "ಯಂತ್ರವು ಕೆಟ್ಟಲ್ಲಿ, ಅದು ದುರಸ್ತಿಯಾಗುವವರೆಗೆ ಪ್ರತಿದಿನ ಬೆಳಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಮನೆಯ ಮಾಲೀಕರು ಸದರಿ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು, ಖುದ್ದಾಗಿ ಮಲಗತಕ್ಕದ್ದು." ಅವರು ಅದನ್ನು ಮೂರು ಸಲ ಓದಿದರು. ಎಲ್ಲಿಯೂ ಸಂದಿಲ್ಲ, ದ್ವಂದ್ವವಿಲ್ಲ, ಅಂದಾಜಿಲ್ಲ. ವೃತ್ತಿಯವರಾಗಿ ಮೆಚ್ಚಿಕೊಳ್ಳದೆ ಬೇರೆ ದಾರಿಯಿರಲಿಲ್ಲ.

ಮರುದಿನ ಬೆಳಗ್ಗೆ ಎಂಟೂವರೆಗೆ ಕೆಲಸ ಮುಗಿಸಿ ಬಂದ ನರ್ಸು ಬೀದಿಯ ತಿರುವಿನಲ್ಲಿ ನಿಂತು ನೋಡಿದಳು. ಸುಮಾರಪ್ಪ ಏಣಿ ಹಿಡಿದಿದ್ದ. ಏಣಿಯ ತುದಿಯಲ್ಲಿ ವಕೀಲರು, ಒಗೆದು ಉಜ್ಜಿದ ಕೋಟಿನ ತೋಳು ಮಡಚಿಕೊಂಡು, ಎ.ಸಿ.ಯ ಮೂಗಿನ ಧೂಳನ್ನು ಕೈಯಾರೆ ಒರೆಸುತ್ತಿದ್ದರು.